ಶಾಪಗ್ರಸ್ತ ಬೆಟ್ಟದ ಹೊಳೆಯಲ್ಲೊಂದು ಕೊರೊನಾವೈರಸ್

2021ರ ಏಪ್ರಿಲ್. ಕೋವಿಡ್‌ನ ಎರಡನೇ ಅಲೆಗೆ ಸಿಕ್ಕಿ ನಮ್ಮ ಊರುಗಳು ಆಮ್ಲಜನಕಕ್ಕಾಗಿ, ಆಸ್ಪತ್ರೆಯ ಒಂದು ಹಾಸಿಗೆಗಾಗಿ ಪರದಾಡುತ್ತಿದ್ದ ತಿಂಗಳು. ಅದೇ ತಿಂಗಳು ‘ಬಯೊಡೈವರ್ಸಿಟಿ ಡೇಟಾ ಜರ್ನಲ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಯುರೋಪಿನ ಪುಟ್ಟ ದೇಶ ಕೊಸೊವೊದ ಒಂದು ಕೀಟದ ಬಗ್ಗೆ ಪ್ರಬಂಧ ಪ್ರಕಟವಾಯಿತು. ಹೊಳೆಯಲ್ಲಿ ಹುಟ್ಟಿ ಬೆಳೆದು ದಡದ ಗಿಡಗಂಟಿಗಳಲ್ಲಿ ಕೂರುವ, ಕಂದು ಬಣ್ಣದ, ಯಾರ ತಂಟೆಗೂ ಹೋಗದ ಹುಳು ಅದು. ಅದಕ್ಕೆ ಇಟ್ಟ ಹೆಸರು ಮಾತ್ರ ಪೊಟಮೊಫೈಲ್ಯಾಕ್ಸ್ ಕೊರೊನಾವೈರಸ್. ಜಗತ್ತಿನ ಪತ್ರಿಕೆಗಳು ಆ ಹೆಸರಿಗಾಗಿಯೇ ಒಂದು ಸಣ್ಣ ಸುದ್ದಿ ಮಾಡಿದವು, ಮರುದಿನ ಮರೆತವು.

ಸುದ್ದಿಯಲ್ಲಿ ‘ಹೊಸ ಕೀಟ ಪತ್ತೆ’ ಎಂದಿತ್ತು. ಓದಿದವರಿಗೆ ಯಾರೋ ಹೊಳೆಯಲ್ಲಿ ಕಲ್ಲು ಎತ್ತಿದರು, ಕೆಳಗೆ ಹೊಸ ಹುಳು ಕಂಡಿತು, ಕೂಗಿಕೊಂಡರು ಎಂದು ಅನ್ನಿಸಿರಬಹುದು. ಹಾಗಾಗುವುದು ಬಲು ಅಪರೂಪ. ಹುಳು ಹೊಳೆಯಲ್ಲಿ ಸಿಗುತ್ತದೆ, ಪ್ರಭೇದ ಸಿಗುವುದು ಮೇಜಿನ ಮೇಲೆ. ಎರಡರ ನಡುವೆ ವರ್ಷಗಳೇ ಉರುಳುತ್ತವೆ. ಈ ಹುಳುವೂ ಹಾಗೆಯೇ. ಕೊಸೊವೊದ ಪ್ರಿಶ್ಟಿನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹಲೀಲ್ ಇಬ್ರಾಹಿಮಿ ಮತ್ತು ಸಂಗಡಿಗರು ಅದನ್ನು ಹಿಡಿದು ತಂದದ್ದು ಸೋಂಕು ಬರುವುದಕ್ಕೆ ಕೆಲವು ವರ್ಷ ಮೊದಲು. ಹೊಸದಿರಬಹುದು ಎಂಬ ಗುಮಾನಿ ಆಗಲೇ ಇತ್ತು. ಲಾಕ್‌ಡೌನಿನಲ್ಲಿ ಹೊಳೆಗೆ ಹೋಗುವ ಹಾಗಿರಲಿಲ್ಲ, ಸೀಸೆಯಲ್ಲಿ ಕಾದಿದ್ದ ಹುಳುವನ್ನು ತೆಗೆದು ನೋಡಲು ಪುರುಸೊತ್ತು ಸಿಕ್ಕಿತು.

ಮೊದಲು ಹುಳುವಿನ ಪರಿಚಯ. ಇಂಗ್ಲಿಷಿನವರು ಇವನ್ನು ಕ್ಯಾಡಿಸ್ ನೊಣ ಎನ್ನುತ್ತಾರೆ. ನೊಣಕ್ಕೆ ರೆಕ್ಕೆ ಎರಡು, ಇವಕ್ಕೆ ನಾಲ್ಕು. ಹಾಗಾಗಿ ಇವು ನೊಣದ ಕಡೆಯ ನೆಂಟರಲ್ಲ, ಚಿಟ್ಟೆ-ಪತಂಗಗಳ ದಾಯಾದಿಗಳು. ಪತಂಗವನ್ನು ಮುಟ್ಟಿದರೆ ಬೆರಳಿಗೆ ಹುಡಿ ಅಂಟುತ್ತದಲ್ಲ, ಅದು ರೆಕ್ಕೆಯ ಹುರುಪೆ. ಕ್ಯಾಡಿಸ್‌ನ ರೆಕ್ಕೆಯ ಮೇಲೆ ಹುರುಪೆಯ ಜಾಗದಲ್ಲಿ ಸಣ್ಣ ರೋಮಗಳಿರುತ್ತವೆ. ಕೂತಾಗ ರೆಕ್ಕೆಗಳನ್ನು ಹಂಚಿನ ಮನೆಯ ಮಾಡಿನಂತೆ ಬೆನ್ನ ಮೇಲೆ ಇಳಿಬಿಟ್ಟುಕೊಂಡು, ಉದ್ದನೆಯ ಕುಡಿಮೀಸೆಗಳನ್ನು ಮುಂದಕ್ಕೆ ಚಾಚುತ್ತದೆ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಕ್ಯಾಡಿಸ್ ಪ್ರಭೇದಗಳು ಹದಿನಾರು ಸಾವಿರಕ್ಕೂ ಹೆಚ್ಚು. ಹೊಳೆ ಹತ್ತಿರವಿರುವ ಮಲೆನಾಡಿನ ಮನೆಗಳ ಜಗಲಿ ದೀಪಕ್ಕೂ ಇವು ಬರುತ್ತವೆ. ಬೆಳಗ್ಗೆ ಪತಂಗದ ಲೆಕ್ಕದಲ್ಲಿ ಗುಡಿಸಿ ಹಾಕುತ್ತೇವೆ.

ರೆಕ್ಕೆಯ ಈ ಬದುಕು ಕೆಲವೇ ವಾರಗಳದ್ದು. ಉಳಿದ ಆಯುಷ್ಯವೆಲ್ಲ ನೀರಿನಲ್ಲಿ, ಮರಿಹುಳುವಾಗಿ. ಕ್ಯಾಡಿಸ್‌ನ ನಿಜವಾದ ಸೊಗಸು ಇರುವುದೂ ಅಲ್ಲೇ. ಪೊಟಮೊಫೈಲ್ಯಾಕ್ಸ್ ಕುಲದ ಮರಿಹುಳು ಚಿಕ್ಕದಿರುವಾಗ ಕೊಳೆತ ಎಲೆಯ ಚೂರುಗಳನ್ನು ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಮೈಮೇಲೆ ಒಂದು ಕೊಳವೆ ಕಟ್ಟಿಕೊಳ್ಳುತ್ತದೆ. ದೊಡ್ಡದಾದಂತೆ ಎಲೆ ಬಿಟ್ಟು ಮರಳು, ಸಣ್ಣ ಹರಳುಗಳಿಗೆ ಬದಲಾಗುತ್ತದೆ. ಅಂಥದ್ದೊಂದು ಕೊಳವೆಯನ್ನು ಬಿಳಿ ತಟ್ಟೆಗೆ ಹಾಕಿ ಕೈಮಸೂರದಲ್ಲಿ ನೋಡಬೇಕು. ಹರಳುಗಳು ಹೇಗೆಂದರೆ ಹಾಗೆ ಮೆತ್ತಿಕೊಂಡಿರುವುದಿಲ್ಲ. ಹುಳು ಒಂದೊಂದು ಹರಳನ್ನೂ ಮುಂಗಾಲುಗಳಲ್ಲಿ ಹಿಡಿದು ತಿರುಗಿಸುತ್ತದೆ, ಅಂಚಿಗೆ ಇಟ್ಟು ನೋಡುತ್ತದೆ, ಹೊಂದದಿದ್ದರೆ ಬಿಸಾಕಿ ಬೇರೆಯದನ್ನು ಎತ್ತುತ್ತದೆ. ಹೊಂದಿದರೆ ತಲೆಯನ್ನು ಅತ್ತಿತ್ತ ಆಡಿಸುತ್ತ ಬಾಯಿಂದ ರೇಷ್ಮೆ ಎಳೆದು ಹೊಲಿಯುತ್ತದೆ. ಒಳಮೈಗೆ ಪೂರಾ ರೇಷ್ಮೆಯ ಅಸ್ತರಿ. ಹಿಂದುಗಡೆಯ ಎರಡು ಕೊಕ್ಕೆಗಳು ಆ ಅಸ್ತರಿಯನ್ನು ಕಚ್ಚಿ ಹಿಡಿದಿರುತ್ತವೆ, ಅದಕ್ಕೇ ಹುಳುವನ್ನು ತಲೆ ಹಿಡಿದು ಜಗ್ಗಿದರೂ ಗೂಡು ಬಿಟ್ಟು ಬರುವುದಿಲ್ಲ. ಹೊಟ್ಟೆಯ ಮೊದಲ ಖಂಡದ ಮೇಲೆ ಮೂರು ಗುಬುಟುಗಳಿದ್ದು, ಮೈ ಗೋಡೆಗೆ ತಾಗದಂತೆ ಅಂತರ ಕಾಯುತ್ತವೆ. ಆ ಅಂತರದಲ್ಲಿ ಹುಳು ಹೊಟ್ಟೆಯನ್ನು ಅಲೆಅಲೆಯಾಗಿ ಆಡಿಸಿದರೆ ಮುಂದಿನಿಂದ ಹೊಸ ನೀರು ಒಳಬಂದು ಕಿವಿರುಗಳನ್ನು ತೊಳೆದು ಹಿಂದಿನಿಂದ ಹೊರಹೋಗುತ್ತದೆ.

ಎಲ್ಲ ಕ್ಯಾಡಿಸ್‌ಗಳೂ ಗೂಡು ಕಟ್ಟುವುದಿಲ್ಲ. ಹೈಡ್ರೊಸೈಕಿಡೇ ಕುಟುಂಬದವು ಕಲ್ಲುಗಳ ಸಂದಿಯಲ್ಲಿ ರೇಷ್ಮೆಯ ಬಲೆ ಹಾಸಿ, ಹೊಳೆ ಹೊತ್ತು ತಂದದ್ದನ್ನು ಸೋಸಿ ತಿನ್ನುತ್ತವೆ. ರಯಾಕೊಫಿಲ ಕುಲದವು ಬಲೆಯೂ ಇಲ್ಲದೆ ಗೂಡೂ ಇಲ್ಲದೆ ಬೇಟೆಯಾಡಿಕೊಂಡು ತಿರುಗುತ್ತವೆ. ಹೆಲಿಕೊಸೈಕೆ ಎಂಬುದಂತೂ ಮರಳಿನ ಗೂಡನ್ನು ಸುರುಳಿಯಾಗಿ ಕಟ್ಟುತ್ತದೆ. 1834ರಲ್ಲಿ ಅಮೆರಿಕದ ಐಸಾಕ್ ಲೀ ಎಂಬ ಶಂಖುಹುಳು ತಜ್ಞ ಆ ಗೂಡನ್ನು ನೋಡಿ, ಮರಳು ಹೊದ್ದ ಹೊಸ ಬಸವನಹುಳು ಎಂದೇ ಭಾವಿಸಿ ಅದಕ್ಕೊಂದು ವೈಜ್ಞಾನಿಕ ಹೆಸರನ್ನೂ ಇಟ್ಟುಬಿಟ್ಟಿದ್ದ. ಫ್ರಾನ್ಸಿನ ಕಲಾವಿದ ಹ್ಯೂಬರ್ಟ್ ದುಪ್ರಾ 1980ರ ದಶಕದಿಂದ ಕ್ಯಾಡಿಸ್ ಮರಿಗಳನ್ನು ತೊಟ್ಟಿಯಲ್ಲಿಟ್ಟು, ಮರಳಿನ ಬದಲು ಚಿನ್ನದ ಚೂರು, ಮುತ್ತು, ಹರಳುಗಳನ್ನು ಕೊಡುತ್ತ ಬಂದಿದ್ದಾರೆ. ಹುಳುಗಳು ಅದನ್ನೂ ಅಷ್ಟೇ ನಿರ್ವಿಕಾರವಾಗಿ ಹೊಲಿದುಕೊಂಡಿವೆ.

ರಾಮನಗರದ ಗೂಡಿನ ಮಾರುಕಟ್ಟೆ ಕಂಡವರಿಗೆ ಈ ರೇಷ್ಮೆಯ ಕತೆ ಹತ್ತಿರದ್ದು. ಹಿಪ್ಪುನೇರಳೆ ತಿನ್ನುವ ನಮ್ಮ ರೇಷ್ಮೆಹುಳು ಪತಂಗಗಳ ಗಣದ್ದು. ಕ್ಯಾಡಿಸ್‌ನ ಗಣ ಅದರ ಒಡಹುಟ್ಟು. ಎರಡೂ ಬೇರೆಯಾಗಿ ಇಪ್ಪತ್ತು ಕೋಟಿ ವರ್ಷಗಳೇ ಕಳೆದಿವೆ. ಆದರೂ ಎರಡರ ರೇಷ್ಮೆಯೂ ಫೈಬ್ರೊಯಿನ್ ಎಂಬ ಒಂದೇ ಮನೆತನದ ಪ್ರೋಟೀನು. ವ್ಯತ್ಯಾಸ ಇಷ್ಟೇ: ಕ್ಯಾಡಿಸ್ ನೀರಿನೊಳಗೇ ಕುಳಿತು, ಒದ್ದೆ ಕಲ್ಲಿಗೇ ಅಂಟಿಸಬೇಕು. 2010ರಲ್ಲಿ ಯೂಟಾ ವಿಶ್ವವಿದ್ಯಾಲಯದ ರಸೆಲ್ ಸ್ಟೂವರ್ಟ್ ಮತ್ತು ಸಹೋದ್ಯೋಗಿ ಇದರ ಗುಟ್ಟು ಬಿಡಿಸಿದರು. ಈ ಪ್ರೋಟೀನಿನ ಸೆರೀನ್ ಅಂಶಗಳಿಗೆ ಫಾಸ್ಫೇಟ್ ಕೂಡಿಕೊಂಡಿರುತ್ತದೆ. ಹೊಳೆನೀರಿನ ಕ್ಯಾಲ್ಸಿಯಂ ಆ ಫಾಸ್ಫೇಟುಗಳನ್ನು ಪರಸ್ಪರ ಬೆಸೆಯುತ್ತದೆ. ಒದ್ದೆ ಗಾಯವನ್ನು ಅಂಟಿಸುವ ಗೋಂದಿಗೆ ಇದರಿಂದ ದಾರಿ ಸಿಗಬಹುದೇ ಎಂದು ಹುಡುಕುವವರಿದ್ದಾರೆ.

ಬೆಳೆದ ಮರಿ ಗೂಡಿನ ಎರಡೂ ಬಾಯಿಗೆ ನೀರು ಹಾಯುವಷ್ಟು ಸಂದಿಬಿಟ್ಟು ರೇಷ್ಮೆಯ ಜಾಲರಿ ನೇಯ್ದು, ಒಳಗೆ ಕೋಶಾವಸ್ಥೆಗೆ ಇಳಿಯುತ್ತದೆ. ಹೊತ್ತು ಬಂದಾಗ ಗಟ್ಟಿ ದವಡೆಗಳಿಂದ ಜಾಲರಿ ಕತ್ತರಿಸಿ, ನಡುಗಾಲುಗಳಿಂದ ಈಜಿ ಮೇಲೆ ಬಂದು ರೆಕ್ಕೆ ಬಿಚ್ಚುತ್ತದೆ. ಪ್ರಭೇದ ಗುರುತಿಸುವವರಿಗೆ ಬೇಕಾದುದು ಈ ರೆಕ್ಕೆ ಬಂದ ಗಂಡು. ಮರಿಹುಳುಗಳು ಎಷ್ಟೇ ಸಿಕ್ಕರೂ, ಹತ್ತಿರದ ಪ್ರಭೇದಗಳ ಮರಿಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ.

ಇನ್ನು ಜಾಗ. ಕೊಸೊವೊ, ಅಲ್ಬೇನಿಯಾ, ಮಾಂಟೆನೆಗ್ರೊ ಮೂರೂ ಕೂಡುವಲ್ಲಿ ಸುಣ್ಣಕಲ್ಲಿನ ಮೊನಚು ಶಿಖರಗಳ ಒಂದು ಶ್ರೇಣಿಯಿದೆ. ಅಲ್ಬೇನಿಯನ್ ಭಾಷೆಯಲ್ಲಿ ಬ್ಯೆಶ್‌ಕೆತ್ ಎ ನೆಮುನ, ಸರ್ಬಿಯನ್‌ನಲ್ಲಿ ಪ್ರೊಕ್ಲೆತಿಯೆ. ಎರಡಕ್ಕೂ ಶಾಪಗ್ರಸ್ತ ಬೆಟ್ಟಗಳು ಎಂದೇ ಅರ್ಥ. ಕೊಸೊವೊ ಕಡೆಯ ಎತ್ತರದ ಶಿಖರ ಜೆರಾವಿತ್ಸ, 2,656 ಮೀಟರ್. 2008ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಈ ದೇಶ ನಾಲ್ಕು ವರ್ಷಗಳ ಬಳಿಕ ಇಲ್ಲಿನ ಸುಮಾರು 63 ಸಾವಿರ ಹೆಕ್ಟೇರನ್ನು ರಾಷ್ಟ್ರೀಯ ಉದ್ಯಾನ ಮಾಡಿತು. ಬೀಚ್, ಸ್ಪ್ರೂಸ್, ಪೈನ್ ಮರಗಳ ಕಾಡು. ಅದರೊಳಗಿಂದ ಹರಿದು ಬರುವ ಲುಂಬರ್ದಿ ಇ ದೆಚಾನಿತ್, ಅಂದರೆ ದೆಚಾನ್ ಊರಿನ ಹೊಳೆ. ಹದಿನಾಲ್ಕನೇ ಶತಮಾನದ ಪ್ರಸಿದ್ಧ ಕ್ರೈಸ್ತ ಮಠವೊಂದು ಇದೇ ಕಣಿವೆಯಲ್ಲಿದೆ, ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ನಮ್ಮ ಹುಳುವಿನ ಊರು ಈ ಹೊಳೆಯ ಜಲಾನಯನ.

ಇಂಥ ಹೊಳೆಗಳಲ್ಲಿ ವಯಸ್ಕ ಕ್ಯಾಡಿಸ್ ಹಿಡಿಯುವ ಉಪಾಯಗಳು ಬಹಳ ಹಳೆಯವು. ಹಗಲು ದಡದ ಪೊದೆಗಳ ಮೇಲೆ ಕೈಬಲೆ ಬೀಸುತ್ತ ಹೋಗುವುದು ಒಂದು. ಮುಸ್ಸಂಜೆಗೆ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ನೇರಳಾತೀತ ದೀಪ ಹಚ್ಚುವುದು, ಅಥವಾ ದೀಪದ ಕೆಳಗೆ ಆಲ್ಕೊಹಾಲ್ ತುಂಬಿದ ತಟ್ಟೆ ಇಡುವುದು ಇನ್ನೊಂದು. ಸ್ವೀಡನ್ನಿನ ರೆನೆ ಮಲೇಸ್ 1930ರ ದಶಕದಲ್ಲಿ ರೂಪಿಸಿದ ಡೇರೆಯಂಥ ಬಲೆಯನ್ನು ದಡದಲ್ಲಿ ಕಟ್ಟಿಬಿಟ್ಟರೆ ವಾರಗಟ್ಟಲೆ ತಾನೇ ಹಿಡಿಯುತ್ತಿರುತ್ತದೆ. ಪೊಟಮೊಫೈಲ್ಯಾಕ್ಸ್‌ಗಳು ಸಾಮಾನ್ಯವಾಗಿ ಬೇಸಿಗೆಯ ಕೊನೆಗೆ, ಶರತ್ಕಾಲದಲ್ಲಿ ಹಾರುವಂಥವು. ಬೆಟ್ಟದಲ್ಲಿ ಆ ಹೊತ್ತಿಗೆ ರಾತ್ರಿ ಕೊರೆಯುತ್ತದೆ, ಕೊರೆಯುವ ಚಳಿಗೆ ಹುಳುಗಳೂ ಹಾರುವುದು ಕಡಿಮೆ. ಸಿಕ್ಕವು ಆಲ್ಕೊಹಾಲಿಗೆ ಬೀಳುತ್ತವೆ. ಸೀಸೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಜಾಗ, ಎತ್ತರ, ದಿನಾಂಕ, ಹಿಡಿದವರ ಹೆಸರು. ಆಲ್ಕೊಹಾಲಿಗೆ ಪೆನ್ನಿನ ಶಾಯಿ ಕರಗುತ್ತದೆ, ಪೆನ್ಸಿಲು ಕರಗುವುದಿಲ್ಲ. ಚೀಟಿ ಕಳೆದುಹೋದ ಹುಳುವಿಗೆ ವಿಜ್ಞಾನದಲ್ಲಿ ಬೆಲೆಯಿಲ್ಲ.

ಮೇಜಿನ ಮೇಲಿನ ಕೆಲಸಕ್ಕೆ ಬರೋಣ. ಸೂಕ್ಷ್ಮದರ್ಶಕದ ಕೆಳಗೆ ಗಂಡುಹುಳುವಿನ ಹೊಟ್ಟೆಯ ತುದಿಯನ್ನು ಸೂಜಿಯಿಂದ ಬಿಡಿಸಿ ತೆಗೆಯುತ್ತಾರೆ. ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಟ್ಟರೆ ಒಳಗಿನ ಮಾಂಸ, ಕೊಬ್ಬೆಲ್ಲ ಕರಗಿ, ಜೇನಿನ ಬಣ್ಣದ ಗಟ್ಟಿ ಹೊರಕವಚವಷ್ಟೇ ಉಳಿಯುತ್ತದೆ. ಆಮೇಲೆ ಗ್ಲಿಸರಿನ್ ಹನಿಗೆ ಹಾಕಿ, ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ತಿರುಗಿಸಿ ನೋಡಬೇಕು. ಕಾಣುವುದು ಗಂಡಿನ ಜನನಾಂಗ. ಒಂಬತ್ತನೇ ಖಂಡದ ಉಂಗುರ, ಅದರಿಂದ ಚಾಚಿದ ಮೇಲಿನ, ನಡುವಿನ, ಕೆಳಗಿನ ಜೋಡಿ ಉಪಾಂಗಗಳು, ನಡುವೆ ಶಿಶ್ನ, ಅದರ ಎರಡು ಬದಿಗೆ ಪ್ಯಾರಮಿಯರ್ ಎಂಬ ತೆಳು ಕಡ್ಡಿಗಳು. ಪ್ಯಾರಮಿಯರ್‌ನ ತುದಿಯಲ್ಲಿ ಮುಳ್ಳುಗಳು. ಮುಳ್ಳು ಎಷ್ಟು, ಎಲ್ಲಿಂದ ಶುರು, ಯಾವ ಕಡೆಗೆ ಬಾಗಿವೆ, ಉಪಾಂಗದ ಅಂಚು ದುಂಡೋ ಮೊನಚೋ, ಒಂದು ಮತ್ತೊಂದಕ್ಕಿಂತ ಎಷ್ಟು ಉದ್ದ: ಇಡೀ ತೀರ್ಪು ನಿಲ್ಲುವುದು ಇದರ ಮೇಲೆ. ಒಂದು ಮಿಲಿಮೀಟರಿನೊಳಗಿನ ಜಗತ್ತು. ಅದನ್ನು ಗೆರೆಗೆರೆಯಾಗಿ ಚಿತ್ರ ಬರೆಯಬೇಕು. ಫೋಟೊ ತೆಗೆದರೆ ಸಾಲದೇ ಎಂದರೆ, ಸಾಲದು. ಫೋಟೊದಲ್ಲಿ ಒಂದರ ಹಿಂದೆ ಒಂದು ಮರೆಯಾಗುತ್ತದೆ, ಗೆರೆಗೆ ಯಾವುದನ್ನು ತೋರಿಸಬೇಕೆಂಬ ವಿವೇಕವಿದೆ.

ರೆಕ್ಕೆ, ಬಣ್ಣ ಎಲ್ಲ ಬಿಟ್ಟು ಜನನಾಂಗವೇ ಏಕೆ? ಕ್ಯಾಡಿಸ್‌ಗಳ ರೆಕ್ಕೆಗಳೆಲ್ಲ ಕಂದೋ ಬೂದಿಯೋ ಆಗಿದ್ದು, ಹತ್ತಿರದ ಪ್ರಭೇದಗಳಲ್ಲಿ ಗುರುತು ಸಿಗುವುದೇ ಇಲ್ಲ. ಜನನಾಂಗದ ಆಕಾರ ಮಾತ್ರ ಪ್ರಭೇದದಿಂದ ಪ್ರಭೇದಕ್ಕೆ ಎದ್ದು ಕಾಣುವಷ್ಟು ಬೇರೆ. ಗಂಡಿನದು ಬೀಗದ ಕೈ, ಹೆಣ್ಣಿನದು ಬೀಗ, ತಪ್ಪು ಜೋಡಿ ಕೂಡದಿರಲೆಂದು ಪ್ರಕೃತಿ ಮಾಡಿದ ಏರ್ಪಾಡು ಎಂದು ಫ್ರಾನ್ಸಿನ ಲಿಯೊ ದುಫೂರ್ 1844ರಷ್ಟು ಹಿಂದೆಯೇ ವಾದಿಸಿದ್ದ. ಅಷ್ಟು ಸರಳವಲ್ಲ, ಹೆಣ್ಣುಗಳ ಆಯ್ಕೆಯೇ ಈ ಆಕಾರಗಳನ್ನು ಇಷ್ಟು ಬೇಗ ಬದಲಿಸುತ್ತದೆ ಎಂದು ವಿಲಿಯಂ ಎಬರ್‌ಹಾರ್ಡ್ 1985ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಕಾರಣ ಯಾವುದೇ ಇರಲಿ, ಪದ್ಧತಿ ಗಟ್ಟಿಯಾಗಿ ಬೇರೂರಿದೆ. ಯುರೋಪಿನ ಕ್ಯಾಡಿಸ್‌ಗಳ ಬಗ್ಗೆ 1874ರಿಂದ 1880ರವರೆಗೆ ಕಂತುಕಂತಾಗಿ ಬಂದ ರಾಬರ್ಟ್ ಮೆಕ್‌ಲಾಕ್ಲನ್‌ನ ಮಹಾಗ್ರಂಥದ ಚಿತ್ರಪಟಗಳ ತುಂಬ ಇದೇ ಅಂಗಗಳು. ಈಗಲೂ ಜನ ಅದನ್ನು ತೆರೆದು ನೋಡುತ್ತಾರೆ.

ತೆರೆದು ನೋಡುವುದು ಎಂದೆ. ಈ ಕೆಲಸದ ಬಹುಪಾಲು ಅದೇ. ನಿಮ್ಮ ಕೈಯಲ್ಲಿರುವುದು ಹೊಸದು ಎನ್ನಬೇಕಾದರೆ, ಹಳೆಯದೆಲ್ಲ ಏನೆಂದು ಗೊತ್ತಿರಬೇಕು. ಕೊಸೊವೊದ ಹುಳು ಹೋಲುತ್ತಿದ್ದುದು ಪೊಟಮೊಫೈಲ್ಯಾಕ್ಸ್ ವಿನ್ನೆಗುತಿ ಎಂಬುದನ್ನು. ಅದನ್ನು ಚೆಕ್ ಕೀಟಶಾಸ್ತ್ರಜ್ಞ ಫ್ರಾಂಟಿಶೆಕ್ ಕ್ಲಪಾಲೆಕ್ 1902ರಲ್ಲಿ ಕೊಸೊವೊ ಇರುವ ಬಾಲ್ಕನ್ ಪ್ರದೇಶದಿಂದಲೇ ವಿವರಿಸಿದ್ದ. ನೂರು ವರ್ಷ ಹಿಂದಿನ ವಿವರಣೆಯನ್ನು ಓದಿ, ಅದರ ಮೂಲ ಮಾದರಿ ಯಾವ ಊರಿನ ಯಾವ ವಸ್ತುಸಂಗ್ರಹಾಲಯದಲ್ಲಿದೆ ಎಂದು ಹುಡುಕಿ, ತಮ್ಮದನ್ನು ಪಕ್ಕದಲ್ಲಿಟ್ಟು ನೋಡಬೇಕು. ನಡುವೆ ಒಂದು ಗೊಂಡಾರಣ್ಯವಿದೆ: ಒಂದೇ ಪ್ರಭೇದದೊಳಗೂ ಹುಳುವಿನಿಂದ ಹುಳುವಿಗೆ ಅಷ್ಟಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಮುಳ್ಳೊಂದು ಹೆಚ್ಚಾದ ಮಾತ್ರಕ್ಕೆ ಹೊಸ ಪ್ರಭೇದವೆಂದು ಘೋಷಿಸುವ ಉತ್ಸಾಹಿಗಳು ಎಲ್ಲ ಕಾಲದಲ್ಲೂ ಇದ್ದರು. ಅವರಿಟ್ಟ ಹೆಸರುಗಳನ್ನು ಹಳೆಯ ಹೆಸರುಗಳ ಅಡಿಗೆ ಸೇರಿಸಿ ಮುಚ್ಚುವುದರಲ್ಲೇ ನಂತರದವರ ಅರ್ಧ ಆಯುಷ್ಯ ಸವೆದಿದೆ.

ಇಲ್ಲಿ ಡಿಎನ್‌ಎ ನೆರವಿಗೆ ಬಂತು. ಜೀವಕೋಶದ ಮೈಟೊಕಾಂಡ್ರಿಯದಲ್ಲಿರುವ ಸಿಒಐ ಎಂಬ ಜೀನಿನ 658 ಅಕ್ಷರಗಳ ಒಂದು ತುಂಡನ್ನು ಓದಿ ಪ್ರಾಣಿಗಳನ್ನು ಗುರುತಿಸಬಹುದೆಂದು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ತಂಡ 2003ರಲ್ಲಿ ಮುಂದಿಟ್ಟ ದಾರಿ ಇದು. ಅಂಗಡಿಯ ವಸ್ತುಗಳ ಮೇಲಿನ ಪಟ್ಟಿಯ ಹೆಸರೇ ಇದಕ್ಕೂ ಬಂದಿದೆ, ಬಾರ್‌ಕೋಡ್. ಬಾರ್‌ಕೋಡ್ ಒಂದರಿಂದಲೇ ಪ್ರಭೇದ ತೀರ್ಮಾನಿಸುವವರೂ ಈಗ ಇದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ತಾಯಿಯ ಕಡೆಯಿಂದ ಮಾತ್ರ ಬರುವ ಒಂದೇ ಜೀನು ಇಡೀ ವಂಶದ ಸಾಕ್ಷಿ ಹೇಳಲಾರದು. ಆದರೆ ಮುಳ್ಳು-ಉಪಾಂಗಗಳು ಹೇಳಿದ್ದನ್ನೇ ಜೀನೂ ಹೇಳಿದರೆ ಮಾತಿಗೆ ಬಲ ಬರುತ್ತದೆ. ಇಬ್ರಾಹಿಮಿ ತಂಡದ ಹುಳುವಿನಲ್ಲಿ ಎರಡೂ ಒಂದೇ ಮಾತು ಹೇಳಿದವು. ಜೊತೆಗೊಂದು ಕೊಸರು: ವಿನ್ನೆಗುತಿ ಗುಂಪಿನ ಡಿಎನ್‌ಎ ಹೋಲಿಸಿದಾಗ ಬಾಲ್ಕನ್ನಿನ ಬೇರೆಬೇರೆ ಒಂಟಿ ನೆಲೆಗಳಿಂದ ಇನ್ನೂ ಕೆಲವು ಹೊಸ ಪ್ರಭೇದಗಳ ಸುಳಿವು ಸಿಕ್ಕಿತು. ಅವಕ್ಕೆ ಹೆಸರಿಡಲಿಲ್ಲ. ಪ್ರಬಂಧದಲ್ಲಿ ನನಗೆ ಬಹಳ ಹಿಡಿಸಿದ್ದು ಈ ಸಂಯಮ.

ಹೆಸರಿನ ವಿಷಯದಲ್ಲಿ ಅಷ್ಟು ಸಂಯಮ ಕಾಣುವುದಿಲ್ಲ ಎನ್ನುವವರಿದ್ದಾರೆ. ಲೇಖಕರ ಸಮಜಾಯಿಷಿ ಪ್ರಬಂಧದಲ್ಲೇ ಇದೆ. ಮನುಷ್ಯರನ್ನು ಕಾಡಿದ ಸೋಂಕಿನ ಜೊತೆಜೊತೆಗೇ ಕೊಸೊವೊದ ಹೊಳೆಗಳಲ್ಲಿ ಸದ್ದಿಲ್ಲದ ಇನ್ನೊಂದು ಪಿಡುಗು ಹಬ್ಬುತ್ತಿದೆ, ಕೊಳಕು ನೀರು ಮತ್ತು ಹೊಳೆ ಕೆಡಿಸುವ ಕಾಮಗಾರಿಗಳ ಪಿಡುಗು, ಅದನ್ನು ನೆನಪಿಸಲು ಈ ಹೆಸರು ಎಂಬುದು ಅದರ ತಾತ್ಪರ್ಯ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆಗೆ ಹೆಸರಿನ ರುಚಿ-ಅರುಚಿಯ ಗೊಡವೆಯಿಲ್ಲ. ಮೊದಲ ಹೆಸರು ಗೆಲ್ಲುತ್ತದೆ, ಎಣಿಕೆ ಶುರುವಾಗುವುದು ಲಿನೇಯಸ್‌ನ 1758ರ ಆವೃತ್ತಿಯಿಂದ. ಹೋಲೊಟೈಪ್ ಎಂಬ ಒಂದೇ ಒಂದು ಮಾದರಿಯನ್ನು ಆ ಹೆಸರಿನ ಶಾಶ್ವತ ವಾರಸುದಾರನೆಂದು ಗೊತ್ತುಮಾಡಿ, ನಾಳೆ ಯಾರೇ ಬಂದರೂ ನೋಡಲು ಸಿಗುವಂಥ ಸಂಗ್ರಹದಲ್ಲಿ ಇಡಬೇಕು. ಅಂತರ್ಜಾಲದಲ್ಲಷ್ಟೇ ಬರುವ ಪ್ರಬಂಧವಾದರೆ ಝೂಬ್ಯಾಂಕ್ ಎಂಬಲ್ಲಿ ನೋಂದಾಯಿಸಬೇಕು. ಇಷ್ಟಾದರೆ ಹೆಸರು ಕಾಯಂ. ಸ್ಲೊವೇನಿಯಾದ ಗುಹೆಗಳಲ್ಲಿರುವ ಕಣ್ಣಿಲ್ಲದ ಒಂದು ಜೀರುಂಡೆಗೆ 1930ರ ದಶಕದಲ್ಲಿ ಒಬ್ಬಾತ ಹಿಟ್ಲರ್‌ನ ಹೆಸರಿಟ್ಟ. ಆ ಹೆಸರು ಇವತ್ತಿಗೂ ತೊಲಗಿಲ್ಲ, ಹೆಸರಿನ ಹುಚ್ಚಿಗೆ ಬಿದ್ದ ಸಂಗ್ರಾಹಕರು ಆ ಬಡಪಾಯಿ ಜೀರುಂಡೆಯನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತಾರಂತೆ. ಆ ಲೆಕ್ಕದಲ್ಲಿ ಕೊರೊನಾವೈರಸ್ ಪರವಾಗಿಲ್ಲ. ಕ್ಯಾಡಿಸ್ ಎಂಬ ಪದವನ್ನೇ ಕೇಳದ ಲಕ್ಷಾಂತರ ಜನ ಆ ಒಂದು ದಿನವಾದರೂ ದೆಚಾನ್ ಹೊಳೆಯ ಬಗ್ಗೆ ಓದಿದರು.

ಒಂದೇ ಬೆಟ್ಟಸಾಲಿಗೆ ಸೀಮಿತವಾದ ಹುಳು ಹುಟ್ಟುವುದಾದರೂ ಹೇಗೆ? ಬೆಟ್ಟದ ತಲೆಯ ಒರತೆ, ಝರಿಗಳ ನೀರು ಸದಾ ತಣ್ಣಗೆ, ಆಮ್ಲಜನಕ ತುಂಬಿಕೊಂಡು ಹರಿಯುತ್ತದೆ. ಅದಕ್ಕೆ ಒಗ್ಗಿದ ಮರಿಹುಳು ಕೆಳಗಿನ ಬಯಲಿನ ಬೆಚ್ಚನೆಯ ಹೊಳೆಯಲ್ಲಿ ಬಾಳದು. ವಯಸ್ಕ ಹುಳು ಹಾರುತ್ತದೆ, ಆದರೆ ದೂರ ಹಾರುವ ಜಾಯಮಾನದ್ದಲ್ಲ. ಹಾಗಾಗಿ ಒಂದು ಬೆಟ್ಟದ ತಲೆಯಿಂದ ಇನ್ನೊಂದರ ತಲೆಗೆ ನಡುವಿನ ಕಣಿವೆ ದಾಟುವುದೇ ಕಷ್ಟ. ಹಿಮಯುಗಗಳಲ್ಲಿ ಉತ್ತರ ಯುರೋಪು ಮಂಜಿನಡಿ ಹೂತಿದ್ದಾಗ ದಕ್ಷಿಣದ ಬಾಲ್ಕನ್ ಬಹಳಷ್ಟು ಜೀವಿಗಳಿಗೆ ಆಸರೆಯಾಯಿತು. ಚಳಿ ಹಿಂದೆಗೆದಂತೆ ತಂಪುನೀರಿನ ಹುಳುಗಳು ಮೇಲುಮೇಲಕ್ಕೆ ಸರಿದು ಒಂದೊಂದು ಶಿಖರದಲ್ಲಿ ಒಂದೊಂದು ಗುಂಪು ಸಿಕ್ಕಿಕೊಂಡಿತು. ಬೇರೆಯಾದ ಗುಂಪುಗಳು ಸಾವಿರಾರು ತಲೆಮಾರುಗಳಲ್ಲಿ ಬೇರೆ ಪ್ರಭೇದಗಳಾದವು. ಇದೇ ತಂಡ ಪಕ್ಕದ ಶಾರ್ ಪರ್ವತದಿಂದಲೂ ಡ್ರೂಸಸ್ ಶಾರೆನ್ಸಿಸ್ ಎಂಬ ಇನ್ನೊಂದು ಕ್ಯಾಡಿಸ್‌ಗೆ ಹೆಸರಿಟ್ಟಿದೆ. ಅದರ ಹಿಂದಿನ ಕತೆಯೂ ಹೆಚ್ಚುಕಡಿಮೆ ಇದೇ.

ಜಾಗ ಇಷ್ಟು ಚಿಕ್ಕದಾದರೆ ಕುತ್ತು ಬರಲು ಒಂದು ಪೈಪು ಸಾಕು. ದೆಚಾನ್ ಹೊಳೆಯ ಮೇಲೆ ಜಲವಿದ್ಯುತ್ ಘಟಕವಿದೆ. ಇಂಥ ಘಟಕಗಳಿಗೆ ದೊಡ್ಡ ಅಣೆಕಟ್ಟು ಬೇಕಿಲ್ಲ. ಮೇಲುಗಡೆ ಒಂದು ಒಡ್ಡು, ಅಲ್ಲಿಂದ ನೀರನ್ನು ಪೈಪಿನಲ್ಲಿ ಇಳಿಸಿ ಕೆಳಗೆ ಟರ್ಬೈನಿಗೆ ಬಿಡುವುದು. ಒಡ್ಡಿಗೂ ಟರ್ಬೈನಿಗೂ ನಡುವಿನ ಹೊಳೆಗೆ ಉಳಿಯುವುದು ಕಲ್ಲು, ಒಂದಿಷ್ಟು ಹರಿವು. ತೆಳುವಾದ ನೀರು ಬಿಸಿಲಿಗೆ ಬೇಗ ಕಾಯುತ್ತದೆ, ಹೂಳು ತಳಕ್ಕೆ ಕೂರುತ್ತದೆ, ಕಲ್ಲುಗಳ ಸಂದಿ ಮುಚ್ಚುತ್ತದೆ. ಮರಿಹುಳು ಉಸಿರಾಡುವುದೂ ಗೂಡಿಗೆ ಹರಳು ಹೆಕ್ಕುವುದೂ ಆ ಸಂದಿಗಳಲ್ಲೇ. ಪರಿಸರಕ್ಕೆ ಅಗತ್ಯವಿರುವಷ್ಟು ನೀರು ಬಿಡಬೇಕೆಂಬ ನಿಯಮ ಕಾಗದದಲ್ಲಿರುತ್ತದೆ, ನೀರು ಪೈಪಿನಲ್ಲಿರುತ್ತದೆ. ಈ ಕಣಿವೆ ಒಂದು ಕಡೆ ವಿಜ್ಞಾನಿಗಳು-ನಾಗರಿಕರು, ಇನ್ನೊಂದು ಕಡೆ ಘಟಕದವರು ಸೆಣಸುವ ರಣರಂಗವಾಗಿದೆ ಎಂದು ಪ್ರಬಂಧದ ಲೇಖಕರೇ ಬರೆದಿದ್ದಾರೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಕೊಸೊವೊದ ವಿದ್ಯುತ್ತಿನ ಬಹುಪಾಲು ಬರುವುದು ಲಿಗ್ನೈಟ್ ಕಲ್ಲಿದ್ದಲಿನಿಂದ, ಪ್ರಿಶ್ಟಿನಾದ ಹೊಗೆಗೆ ಅದೂ ಒಂದು ಕಾರಣ. ಅಂಥ ದೇಶದಲ್ಲಿ ಹಸಿರು ವಿದ್ಯುತ್ ಎಂಬ ಹಣೆಪಟ್ಟಿಯೊಂದಿಗೆ ಬಂದ ಯೋಜನೆಯನ್ನು ಹುಳುವಿನ ಹೆಸರು ಹೇಳಿ ಪ್ರಶ್ನಿಸುವುದಕ್ಕೆ ಗುಂಡಿಗೆ ಬೇಕು. ಹೆಸರಿಲ್ಲದ ಹುಳುವಾದರೆ ಪ್ರಶ್ನಿಸಲೂ ಆಗದು. ‘ಯಾವುದೋ ಕಂದು ಹುಳು ನಾಶವಾಗುತ್ತದೆ’ ಎಂಬ ಅರ್ಜಿಯನ್ನು ಯಾವ ಕಚೇರಿ ಓದೀತು? ‘ಜಗತ್ತಿನಲ್ಲಿ ಬೇರೆಲ್ಲೂ ಕಾಣದ ಪ್ರಭೇದ, ಇದೋ ವಿವರಣೆ, ಇದೋ ಮಾದರಿ’ ಎಂದರೆ ಕನಿಷ್ಠ ಒಂದು ಉತ್ತರವನ್ನಾದರೂ ಬರೆಯಬೇಕಾಗುತ್ತದೆ.

ಈ ಮಾತು ನಮ್ಮ ಪಶ್ಚಿಮ ಘಟ್ಟಕ್ಕೆ ಚಾಚೂ ತಪ್ಪದೆ ಅನ್ವಯಿಸುತ್ತದೆ. ಭಾರತದ ಕ್ಯಾಡಿಸ್‌ಗಳನ್ನು ಕ್ರಮವಾಗಿ ವಿವರಿಸಲು ಹೊರಟವರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ಮಾರ್ಟಿನ್ ಮೋಸ್ಲಿ ಮೊದಲಿಗರು. 1930ರ ದಶಕದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಅವರ ಲೇಖನಮಾಲೆ ಬಂತು. ಆಮೇಲೆ ಸ್ವಿಟ್ಜರ್ಲೆಂಡ್ ಮೂಲದ ಫೆರ್ನಾಂಡ್ ಸ್ಮಿಡ್ ಭಾರತವನ್ನೆಲ್ಲ ಸುತ್ತಿ ಹೊತ್ತೊಯ್ದ ಸಂಗ್ರಹದಿಂದ ನೂರಾರು ಹೊಸ ಪ್ರಭೇದಗಳು ಹೊರಬಂದವು. ಇವತ್ತು ದೇಶದ ಪಟ್ಟಿ ಸಾವಿರ ದಾಟಿದೆ. ಆದರೆ ಹೆಸರು ಇರುವುದು ಹೆಚ್ಚಾಗಿ ರೆಕ್ಕೆಯ ಗಂಡುಗಳಿಗೆ. ಹಳ್ಳದಲ್ಲಿ ಕಲ್ಲು ಮಗುಚಿದರೆ ಕಾಣುವ ಮರಿಹುಳು ಯಾವ ಗಂಡಿನ ಮರಿ ಎಂದು ಬಹುತೇಕ ಪ್ರಭೇದಗಳಲ್ಲಿ ಗೊತ್ತಿಲ್ಲ. ಸಾಕಿ ರೆಕ್ಕೆ ಬರುವತನಕ ಕಾಯಬೇಕು, ಇಲ್ಲವೇ ಎರಡರ ಡಿಎನ್‌ಎ ತಾಳೆ ನೋಡಬೇಕು. ಅದಕ್ಕೇ ನಮ್ಮಲ್ಲಿ ಹುಳುಗಳನ್ನು ಎಣಿಸಿ ಹೊಳೆಯ ಆರೋಗ್ಯ ಅಳೆಯುವ ಕೆಲಸವೆಲ್ಲ ಕುಟುಂಬದ ಮಟ್ಟದಲ್ಲೇ ನಿಲ್ಲುತ್ತದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾನದಂಡವೂ ಹಾಗೆಯೇ. ಹೈಡ್ರೊಸೈಕಿಡೇ ಸಿಕ್ಕಿತು ಎಂದರೆ ಅರ್ಥ ಎರಡಾಗಬಹುದು. ಆ ಕುಟುಂಬದಲ್ಲಿ ಅಷ್ಟಿಷ್ಟು ಕೊಳೆ ತಡೆಯುವವೂ ಇವೆ, ಒಂದು ಚೂರು ಕೊಳೆಗೆ ಮಾಯವಾಗುವವೂ ಇವೆ.

ಕಾನೂನಿನಲ್ಲಿ ಒಳ್ಳೆಯದೊಂದು ಅಂಶವಿದೆ: 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ದೇಶದಲ್ಲಿ ಹೊಸ ಪ್ರಭೇದ ಕಂಡವರು ಅದನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ ಅಂಥದ್ದೊಂದು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆ. ಸ್ಮಿಡ್ ಕಾಲದಂತೆ ಮಾದರಿಗಳೆಲ್ಲ ಕಡಲಾಚೆ ಹೋಗುವ ಪರಿಸ್ಥಿತಿ ಈಗಿಲ್ಲ. ಕೊರತೆ ಇರುವುದು ಮೇಜಿನ ಮುಂದೆ ಕೂರುವವರದು. ಹೊಸ ಕಪ್ಪೆಗೆ, ಹೊಸ ಹಲ್ಲಿಗೆ ಸಿಗುವ ಹೆಸರು, ಹಣ, ಫೋಟೊ ಯಾವುದೂ ಮಿಲಿಮೀಟರಿನ ಮುಳ್ಳೆಣಿಸುವವರಿಗೆ ಸಿಗುವುದಿಲ್ಲ. ಯುವಕರು ಈ ಕಡೆ ತಲೆ ಹಾಕದಿದ್ದರೆ ಅವರನ್ನು ದೂರುವಂತಿಲ್ಲ.

ಹೊಳೆಗಳಂತೂ ಕಾಯುವುದಿಲ್ಲ. ಕುಮಾರಧಾರಾ, ಬಿಸಿಲೆ, ಸಕಲೇಶಪುರದ ಕಡೆ ಕಿರು ಜಲವಿದ್ಯುತ್ ಯೋಜನೆಗಳ ವಿರುದ್ಧ ನಡೆದ ಹೋರಾಟಗಳಲ್ಲಿ ಆನೆ, ಮೀನು, ಮಳೆಕಾಡಿನ ಮಾತು ಬಂತು; ಕಲ್ಲಿನಡಿಯ ಹುಳುವಿನ ಮಾತು ಬಂದದ್ದು ಕಡಿಮೆ. ಬರುವುದಾದರೂ ಹೇಗೆ? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ 25 ಮೆಗಾವಾಟ್‌ಗಿಂತ ಚಿಕ್ಕ ಜಲವಿದ್ಯುತ್ ಘಟಕಕ್ಕೆ ಪರಿಸರ ಅನುಮತಿಯೇ ಬೇಕಿಲ್ಲ. ಕಾಡು ಜಮೀನಾದರೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ಮರಗಳ ಲೆಕ್ಕ ಕೊಡಬೇಕು. ಒಡ್ಡು ಕಟ್ಟುವ ಮೊದಲು ಹಳ್ಳದ ತಳದಲ್ಲಿ ಏನೇನು ಬದುಕಿದೆ ಎಂದು ಬರೆದುಕೊಳ್ಳಬೇಕಾದ ಕಟ್ಟುಪಾಡು ಆ ಅಧಿಸೂಚನೆಯಡಿ ಇಲ್ಲ.